ಮೆಕೆಂಜಿ ಸಂಗ್ರಹದ ಪತ್ರಗಳೂ ನಮ್ಮ ಕೈಫಿಯತ್ತುಗಳೂ

ಕನ್ನಡ ನಾಡಿನ ಇತಿಹಾಸವನ್ನು ಬರೆಯಹೊರಟವನು ಶಾಸನಗಳನ್ನು ಅರಸುತ್ತ ಊರೂರು ಅಲೆಯಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಅವನು ನಾಡಿನ ಎಲ್ಲೆಯನ್ನು ದಾಟಿ ಚೆನ್ನೈಗೂ ದೆಹಲಿಗೂ ಕಡೆಗೆ ಲಂಡನ್ನಿಗೂ ಹೋಗಬೇಕಾಗುತ್ತದೆಂಬುದು ಅಷ್ಟಾಗಿ ಗಮನಕ್ಕೆ ಬಂದಂತೆ ತೋರುವುದಿಲ್ಲ. ಹೊರನಾಡಿನಲ್ಲಿ ನೆಲಸಿರುವ ನಮಗೆ ಈ ಸಂಗತಿಯಲ್ಲಿ ವಿಶೇಷವಾದ ಆಸ್ಥೆಯಿರಬೇಕಾದುದು ಸಹಜ. ನಾವು ದಿನವೂ ಹಾದುಹೋಗುವ ಬೀದಿಗಳ ಬದಿಯ ಗ್ರಂಥಾಲಯಗಳಲ್ಲಿಯೇ ನಮ್ಮ ಊರುಗಳ ಚರಿತ್ರೆ ಕಟ್ಟುಕಟ್ಟಾಗಿ ಕುಳಿತಿದೆ. ಇಂತಹ ಸಂಗ್ರಹಗಳಲ್ಲಿ ಅತಿ ದೊಡ್ಡದಾದ ಮೆಕೆಂಜಿ ಸಂಗ್ರಹವನ್ನು ಕುರಿತು, ಅದರಲ್ಲಿಯೂ ಅದರ ಪತ್ರಗಳಿಗೂ ಕನ್ನಡ ಕೈಫಿಯತ್ತುಗಳಿಗೂ ಇರುವ ಸಂಬಂಧವನ್ನು ಕುರಿತು ಇಲ್ಲಿ ವಿಚಾರ ಮಾಡಲಾಗಿದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಸಂಕ್ಷೇಪವಾಗಿ ಹೇಳಿಬಿಡುವುದು ಒಳ್ಳೆಯದು. ಕೈಫಿಯತ್ತು ಎಂಬುದು ಒಂದು ಉತ್ತರ. ಅದಕ್ಕೆ ಕಾರಣವಾದ ಪ್ರಶ್ನೆ ಪತ್ರಗಳಲ್ಲಿದೆ. ಉತ್ತರಗಳು ಕನ್ನಡದಲ್ಲಿದ್ದು ಚೆನ್ನೈಯಲ್ಲಿ ಉಳಿದುವು. ಪ್ರಶ್ನೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿದ್ದು ಲಂಡನ್ನಿಗೂ ದೆಹಲಿಗೂ ಸೇರಿದುವು. ಎರಡನ್ನೂ ಕೂಡಿಸಿ ಓದದ ಹೊರತು ಕೈಫಿಯತ್ತಿನ ನಿಜವಾದ ಬೆಲೆಯನ್ನು ಕಟ್ಟಲಾಗುವುದಿಲ್ಲ.

೧

ಕಾಲಿನ್ ಮೆಕೆಂಜಿಯು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೋವೆ ಎಂಬ ಊರಿನವನು. ೧೭೮೩ರಲ್ಲಿ ಕಂಪನಿಯ ಸೇವೆಗಾಗಿ ಮದರಾಸಿಗೆ ಬಂದನು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದ ತರುವಾಯ ಮೈಸೂರು ಸೀಮೆಯ ಮೋಜಣಿಯ ಕಾರ್ಯವು ಅವನ ಪಾಲಿಗೆ ಬಂದಿತು. ಸುಮಾರು ೪೦,೦೦೦ ಚದರ ಮೈಲಿಗಳ ನೆಲವನ್ನು ಅಳೆದು ನಕ್ಷೆ ಬರೆಯುವ ಈ ಕೆಲಸದಲ್ಲಿ ಹಲವು ವರ್ಷಗಳು ಕಳೆದುವು. ನೆಲವನ್ನು ಅಳೆಯುವವನಿಗೆ ಎಲ್ಲೆಕಲ್ಲು ಬೇಕು. ಎಲ್ಲೆಕಲ್ಲನ್ನು ಅರಸಿದವನಿಗೆ ಶಾಸನ ಸಿಕ್ಕುತ್ತದೆ. ಶಾಸನವನ್ನು ಓದಿಸಿದವನಿಗೆ ಅರಸರ ಹೆಸರು ತಿಳಿಯುತ್ತದೆ. ಹೀಗೆ ಮೋಜಣಿಯ ಬೆನ್ನಿಗೇ ಚರಿತ್ರೆಯ ಸಂಗ್ರಹವೂ ಬೆಳೆಯಿತು. ಅದಕ್ಕೆ ಸ್ವಂತ ಹಣವನ್ನೂ ಅವನು ಧಾರಾಳವಾಗಿ ವೆಚ್ಚ ಮಾಡಿದನು. ೧೮೧೦ರಲ್ಲಿ ಮದರಾಸಿನ ಸರ್ವೇಯರ್ ಜನರಲ್ ಆಗಿ, ನಡುವೆ ಜಾವಾ ದ್ವೀಪಕ್ಕೆ ಹೋಗಿಬಂದು, ೧೮೧೫ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಪದವಿಗೇರಿ, ೧೮೨೧ರ ಮೇ ೮ರಂದು ತೀರಿಕೊಂಡನು.

ಅವನು ಕೂಡಿಸಿದುದರ ಗಾತ್ರವನ್ನು ಎಚ್. ಎಚ್. ವಿಲ್ಸನ್ನನು ೧೮೨೮ರಲ್ಲಿ ಪ್ರಕಟಿಸಿದ ಸೂಚಿಯಿಂದ ತಿಳಿಯಬಹುದು: ೧,೫೬೮ ಸಾಹಿತ್ಯ ಗ್ರಂಥಗಳು, ೨,೦೭೦ ಸ್ಥಳೀಯ ವೃತ್ತಾಂತಗಳು, ೮,೦೭೬ ಶಾಸನ ಪ್ರತಿಗಳು, ೨,೧೫೯ ಭಾಷಾಂತರಗಳು; ಇವಲ್ಲದೆ ೨,೬೩೦ ಚಿತ್ರಗಳು, ೬,೨೧೮ ನಾಣ್ಯಗಳು. ನಾವು ಕೈಫಿಯತ್ತುಗಳೆಂದು ಕರೆಯುವುದು ಈ ಸ್ಥಳೀಯ ವೃತ್ತಾಂತಗಳ ವರ್ಗಕ್ಕೆ ಸೇರಿದವು.

ಇಷ್ಟನ್ನು ಒಬ್ಬನೇ ಮನುಷ್ಯನು ಕೂಡಿಸಲಾರನೆಂಬುದು ಸ್ಪಷ್ಟ. ಮೆಕೆಂಜಿಗೆ ಇಲ್ಲಿಯ ಭಾಷೆಗಳು ಬರುತ್ತಿರಲಿಲ್ಲ. ಏಲೂರಿನ ಕಾವಲಿ ವೆಂಕಟ ಬೋರಯ್ಯನು ಆ ಕೊರತೆಯನ್ನು ತುಂಬಿದನು. ಹಲವು ಭಾಷೆಗಳನ್ನು ಬಲ್ಲ ಈ ತರುಣನ ಪರಿಚಯವೇ ಭಾರತೀಯ ವಿದ್ಯೆಯ ಬಾಗಿಲನ್ನು ತನಗೆ ತೆರೆಯಿತೆಂದು ಮೆಕೆಂಜಿಯು ಮನಬಿಚ್ಚಿ ಒಪ್ಪಿಕೊಂಡಿದ್ದಾನೆ. ಬೋರಯ್ಯನು ೧೮೦೩ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಹೋದನು. ಅವನ ತಮ್ಮ ಲಕ್ಷ್ಮಯ್ಯನು ಆ ಸ್ಥಾನಕ್ಕೆ ಬಂದು, ಮೆಕೆಂಜಿಯ ಕಡೆಯ ದಿನಗಳವರೆಗೂ ಈ ಕಾರ್ಯವನ್ನು ನಡೆಸಿದನು. ಇವರ ಕೈಕೆಳಗೆ ಗುಮಾಸ್ತರೂ ಭಾಷಾಂತರಕಾರರೂ ಊರೂರು ತಿರುಗುವ ಸಂಗ್ರಾಹಕರೂ ಇದ್ದರು.

೨

ಈಗ ಪತ್ರಗಳ ವಿಚಾರಕ್ಕೆ ಬರೋಣ. ಇವು ಎರಡು ಬಗೆಯವು: ಮೆಕೆಂಜಿಯು ಬರೆದವು ಒಂದು, ಅವನಿಗೆ ಸಹಾಯಕರು ಬರೆದವು ಇನ್ನೊಂದು.

ಮೊದಲನೆಯ ವರ್ಗದಲ್ಲಿ ಪ್ರಸಿದ್ಧವಾದುದು ೧೮೧೭ರ ಫೆಬ್ರವರಿ ೧ರಂದು ಅವನು ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್ನನಿಗೆ ಬರೆದ ದೀರ್ಘ ಪತ್ರ. ಇದು ೧೮೩೪ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ತನ್ನ ಶೋಧನೆಯಿಂದ ಹೊಸದಾಗಿ ತಿಳಿದುಬಂದ ವಿಷಯಗಳನ್ನು ಅದರಲ್ಲಿ ಅವನು ಪಟ್ಟಿ ಮಾಡಿದ್ದಾನೆ. ಆ ಪಟ್ಟಿಯನ್ನು ಓದುವ ಕನ್ನಡಿಗನಿಗೆ ಆಶ್ಚರ್ಯವಾಗದಿರದು. ಜೈನಮತವು ಬೌದ್ಧಮತಕ್ಕಿಂತ ಬೇರೆಯೆಂಬ ನಿರ್ಣಯ, ಲಿಂಗವಂತರೇ ಮೊದಲಾದ ಪಂಥಗಳ ವಿವರ, ಭೂಮಿಯ ಹಕ್ಕುಗಳನ್ನು ತಿಳಿಯಲು ಶಾಸನಗಳಿಂದಾಗುವ ಪ್ರಯೋಜನ ಇವೆಲ್ಲವೂ ಅಲ್ಲಿವೆ. ವೀರಗಲ್ಲು, ಮಾಸ್ತಿಕಲ್ಲು ಎಂಬ ನಮ್ಮ ಮಾತುಗಳೇ ಇಂಗ್ಲಿಷ್ ಲಿಪಿಯಲ್ಲಿ ಆ ಪತ್ರವನ್ನು ಹೊಕ್ಕಿವೆ. ನಮ್ಮ ಹಳ್ಳಿಯ ಕೆರೆಯ ಏರಿಯ ಮೇಲೆ ಒರಗಿ ನಿಂತಿದ್ದ ಕಲ್ಲು ಚರಿತ್ರೆಯ ಸಾಕ್ಷಿಯೆಂದು ಪಶ್ಚಿಮದ ವಿದ್ವಾಂಸರಿಗೆ ತಿಳಿಸಿದ ಮೊದಮೊದಲ ಬರೆಹಗಳಲ್ಲಿ ಇದೂ ಒಂದು.

ಇದಕ್ಕಿಂತಲೂ ಹಿಂದೆ, ೧೮೦೦ರಲ್ಲಿಯೇ, ದಕ್ಷಿಣದ ಸೀಮೆಗಳ ವಿಷಯದಲ್ಲಿ ಏನೇನನ್ನು ವಿಚಾರಿಸಬೇಕೆಂಬ ಸೂಚನಾಪಟ್ಟಿಯನ್ನು ಅವನು ಸಿದ್ಧಪಡಿಸಿದ್ದನು. ಸಂಗ್ರಹದ ತಳಹದಿಯಲ್ಲಿ ಇಂತಹ ಪ್ರಶ್ನಾವಳಿಗಳಿವೆಯೆಂಬುದನ್ನು ನಾವು ನೆನಪಿನಲ್ಲಿಡಬೇಕು.

ಎರಡನೆಯ ವರ್ಗವು ಇನ್ನೂ ಅಮೂಲ್ಯವಾದುದು. ನಾನಾ ಪ್ರಾಂತಗಳಿಗೆ ಹೋದ ದೇಶೀಯ ಸಂಗ್ರಾಹಕರು ಬರೆದ ಪತ್ರಗಳನ್ನೂ ವರದಿಗಳನ್ನೂ ವಿಲ್ಸನ್ನನು ತನ್ನ ಸೂಚಿಯ ಅನುಬಂಧದಲ್ಲಿ ಪ್ರತ್ಯೇಕ ವಿಭಾಗವಾಗಿಯೇ ಕಾಣಿಸಿದ್ದಾನೆ. ಲಕ್ಷ್ಮಯ್ಯ, ನಾರಾಯಣರಾವ್, ಆನಂದರಾವ್, ನಿಟ್ಟಲ ನಯನ ಮೊದಲಾದವರ ಹೆಸರುಗಳು ಅಲ್ಲಿ ಬರುತ್ತವೆ. ಯಾವ ಊರಿಗೆ ಹೋದುದು, ಯಾರನ್ನು ಕಂಡುದು, ಯಾವ ಕಾಗದವನ್ನು ತೋರಿಸಿದರು, ಯಾವುದನ್ನು ಮುಚ್ಚಿಟ್ಟರು ಎಂಬ ಮಾತುಗಳಿರುವುದು ಇಂತಹ ಬರೆಹಗಳಲ್ಲಿಯೇ. ಸಂಗ್ರಾಹಕನು ಊರ ಬಾಗಿಲಿಗೆ ಬಂದಾಗ ಜನರಿಗೆ ಮೊದಲು ಹುಟ್ಟುತ್ತಿದ್ದುದು ಸಂಶಯ. ಕಂಪನಿಯ ಮನುಷ್ಯನು ದಾನಪತ್ರವನ್ನು ಕೇಳುತ್ತಿದ್ದಾನೆಂದರೆ ಇನಾಮು ಜಮೀನಿಗೆ ಕಂದಾಯ ಹಾಕುವುದಕ್ಕಲ್ಲದೆ ಮತ್ತೇತಕ್ಕೆ? ಆದುದರಿಂದ ಓಲೆಗಳು ಅಟ್ಟದಿಂದ ಇಳಿಯುತ್ತಿರಲಿಲ್ಲ. ಅಧಿಕಾರಿಗಳ ಶಿಫಾರಸು ಕಾಗದ, ಮಠದ ಸ್ವಾಮಿಗಳ ಅನುಮತಿ, ಸಣ್ಣಪುಟ್ಟ ಉಡುಗೊರೆ ಇವುಗಳಿಂದ ಆ ಸಂಶಯವನ್ನು ಕಳೆಯುವುದೇ ಸಂಗ್ರಾಹಕನ ಮುಖ್ಯವಾದ ಕೆಲಸವಾಗಿದ್ದಿತು.

೩

ಕೈಫಿಯತ್ತು ಎಂಬುದು ಅರಬ್ಬಿ ಮೂಲದ ಮಾತು. ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದಿತು. ವಿವರ, ಹೇಳಿಕೆ, ಸ್ಥಿತಿಗತಿ ಎಂದು ಅದರ ಅರ್ಥ. ಊರಿನ ಶಾನುಭೋಗರು ಅಥವಾ ಕರಣಿಕರು ತಮ್ಮಲ್ಲಿದ್ದ ಕವಿಲೆಗಳನ್ನೂ ಕಡತಗಳನ್ನೂ ನೋಡಿ, ಹಿರಿಯರ ಮಾತನ್ನು ಕೇಳಿ, ಸ್ಥಳಪುರಾಣವನ್ನು ಸೇರಿಸಿ ಬರೆಸಿಕೊಟ್ಟ ವೃತ್ತಾಂತವಿದು.

ಕಡತವೆಂಬ ಮಾತನ್ನು ಇಂದು ನಾವು ಕಚೇರಿಯ ಫೈಲಿಗೆ ಬಳಸುತ್ತೇವೆ. ಮೂಲದಲ್ಲಿ ಅದು ಬಟ್ಟೆ. ಹುಣಿಸೆಬೀಜದ ಸರಿಯಲ್ಲಿ ಇದ್ದಲಿನ ಪುಡಿಯನ್ನು ಕಲಸಿ ಉದ್ದವಾದ ಬಟ್ಟೆಯ ಎರಡು ಮಗ್ಗುಲಿಗೂ ಬಳಿದು, ಒಣಗಿಸಿ, ಪುಸ್ತಕದಂತೆ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದು. ಈ ಅನುಕೂಲವೇ ಇತಿಹಾಸಜ್ಞನಿಗೆ ಎಚ್ಚರಿಕೆಯ ಗಂಟೆಯೂ ಹೌದು. ಕಲ್ಲಿನ ಶಾಸನವನ್ನು ತಿದ್ದುವುದು ಕಷ್ಟ. ಕಡತವನ್ನು ತಿದ್ದುವುದು ಬಹು ಸುಲಭ.

ಚಿತ್ರದುರ್ಗ, ಹರಪನಹಳ್ಳಿ, ಕೆಳದಿ ಮೊದಲಾದ ಸಂಸ್ಥಾನಗಳ ವೃತ್ತಾಂತಗಳಿಂದ ಹಿಡಿದು ಸಣ್ಣ ಗ್ರಾಮಗಳ ವರೆಗೆ ಇಂತಹ ಬರೆಹಗಳು ದೊರೆಯುತ್ತವೆ. ಪಾಳೆಯಗಾರರ ಕೈಫಿಯತ್ತುಗಳಲ್ಲಿ ಒಂದು ಮಾದರಿ ಮತ್ತೆಮತ್ತೆ ಕಾಣುತ್ತದೆ. ಮೂಲಪುರುಷನು ಎಲ್ಲಿಂದಲೋ ಬರುತ್ತಾನೆ. ವಿಜಯನಗರದ ರಾಯರಿಗೆ ಯಾವುದೋ ಸಾಹಸವನ್ನು ತೋರಿಸುತ್ತಾನೆ. ರಾಯರು ಮೆಚ್ಚಿ ಸೀಮೆಯನ್ನು ಉಂಬಳಿಯಾಗಿ ಕೊಡುತ್ತಾರೆ. ಇದನ್ನು ಬರೀ ಕಟ್ಟುಕಥೆಯೆಂದು ತಳ್ಳಿಹಾಕುವವರೂ ಉಂಟು, ಅಕ್ಷರಶಃ ನಂಬುವವರೂ ಉಂಟು. ಎರಡೂ ಅವಸರದ ನಿರ್ಣಯಗಳು. ಬಳ್ಳಾರಿ, ಅನಂತಪುರ, ಕಡಪೆಗಳನ್ನೊಳಗೊಂಡ ಸೀಮೆಯು ೧೮೦೦ರಲ್ಲಿ ನಿಜಾಮನಿಂದ ಕಂಪನಿಗೆ ಬಂದಿತು. ಆ ವರ್ಷದಿಂದ ೧೮೦೭ರ ವರೆಗೆ ಅಲ್ಲಿ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಪಾಳೆಯಗಾರರ ಬಲವನ್ನು ಮುರಿದನು. ತಮ್ಮ ಹಕ್ಕು ಎಷ್ಟು ಹಳೆಯದೆಂದು ತೋರಿಸಿಕೊಳ್ಳುವುದು ಆ ಮನೆತನಗಳಿಗೆ ಜೀವನೋಪಾಯದ ಪ್ರಶ್ನೆಯಾಗಿದ್ದ ಹೊತ್ತಿನಲ್ಲಿಯೇ ಮೆಕೆಂಜಿಯ ಜನರು ಬಂದು, ನಿಮ್ಮ ವಂಶದ ಪೂರ್ವೋತ್ತರವೇನು ಎಂದು ಕೇಳಿದರು. ರಾಯರ ದಾನವನ್ನು ಒತ್ತಿಹೇಳಿದ್ದರಲ್ಲಿ ಏನು ಆಶ್ಚರ್ಯ? ಕೈಫಿಯತ್ತು ಹದಿನಾರನೆಯ ಶತಮಾನಕ್ಕೆ ಎಷ್ಟು ಸಾಕ್ಷಿಯೋ ಅದಕ್ಕಿಂತ ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಿಗೆ ಸಾಕ್ಷಿ. ಆ ಕಾಲದ ಆತಂಕವೆಲ್ಲ ಅದರಲ್ಲಿ ತುಂಬಿದೆ.

೪

ಪ್ರಶ್ನೆಯು ಉತ್ತರವನ್ನು ಹೇಗೆ ಹುಟ್ಟಿಸುತ್ತದೆಂಬುದಕ್ಕೆ ಕನ್ನಡ ಸಾಹಿತ್ಯದಲ್ಲಿಯೇ ಒಂದು ನಿದರ್ಶನವಿದೆ. ಈಗಿನ ಚಾಮರಾಜನಗರ ಜಿಲ್ಲೆಗೆ ಸೇರಿದ ಮಲೆಯೂರಿನ ಕನಕಗಿರಿಯು ಪ್ರಾಚೀನವಾದ ಜೈನಕ್ಷೇತ್ರ. ಮೆಕೆಂಜಿಗೆ ಇಲ್ಲಿಂದ ಇಬ್ಬರ ನೆರವು ದೊರೆಯಿತು.

ಒಬ್ಬನು ಧರ್ಮಯ್ಯ. ಹಳಗನ್ನಡದ ಲಿಪಿಯನ್ನೂ ಭಾಷೆಯನ್ನೂ ಬಲ್ಲ ಈ ಜೈನ ಪಂಡಿತನು ಶಾಸನಗಳನ್ನು ಓದುವ ಕೆಲಸದಲ್ಲಿ ಮೆಕೆಂಜಿಗೆ ಆಧಾರವಾಗಿದ್ದನು. ೧೮೧೬ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಮದರಾಸಿನಲ್ಲಿ ಬರೆದ ಮೆಕೆಂಜಿಯ ವರ್ಣಚಿತ್ರವು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಕೆಂಪು ಅಂಗಿಯ ಕರ್ನಲನ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ. ಅವರಲ್ಲಿ ಓಲೆಗರಿಯನ್ನು ಹಿಡಿದವನು ಧರ್ಮಯ್ಯನೆಂದು ಗುರುತಿಸಲಾಗಿದೆ. ಹಿನ್ನೆಲೆಯ ಬೆಟ್ಟದ ಮೇಲೆ ಕಾಣುವುದು ಕಾರ್ಕಳದ ಗೊಮ್ಮಟ. ಹೀಗೆ ಕನ್ನಡ ನಾಡಿನ ಒಬ್ಬ ಪಂಡಿತನೂ ಒಂದು ವಿಗ್ರಹವೂ ಆ ಚಿತ್ರದಲ್ಲಿ ಸ್ಥಾನ ಪಡೆದಿರುವರು.

ಇನ್ನೊಬ್ಬನು ರಾಜಾವಳೀ ಕಥೆಯ ಕರ್ತೃವಾದ ದೇವಚಂದ್ರ. ೧೮೦೪ರಲ್ಲಿ ಮೆಕೆಂಜಿಯು ಕನಕಗಿರಿಗೆ ಬಂದು ಸ್ಥಳಪುರಾಣವನ್ನು ಕೇಳಿದುದನ್ನೂ, ತಾನು ಪೂಜ್ಯಪಾದ ಚರಿತೆಯನ್ನು ಒದಗಿಸಿದುದನ್ನೂ, ನಾಡಿನ ಪೂರ್ವವೃತ್ತಾಂತಗಳನ್ನು ಬರೆಯಲು ಅಲ್ಲಿಂದ ಪ್ರೇರಣೆ ದೊರೆತುದನ್ನೂ ಅವನೇ ತನ್ನ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಆ ಗ್ರಂಥವು ಮೈಸೂರು ಅರಮನೆಯ ದೇವೀರಾಂಬೆಯ ಆಶ್ರಯದಲ್ಲಿ ೧೮೩೮ರ ಸುಮಾರಿಗೆ ಮುಗಿಯಿತು.

ಮುಂದಿನದು ಗಮನಾರ್ಹ. ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗ, ಭದ್ರಬಾಹು ಮತ್ತು ಚಂದ್ರಗುಪ್ತರ ಐತಿಹ್ಯವನ್ನು ವಿವರಿಸಲು ರಾಜಾವಳೀ ಕಥೆಯನ್ನು ಬಳಸಿಕೊಂಡರು. ಆ ಐತಿಹ್ಯಕ್ಕೆ ಬೆಳಗೊಳದ ಶಾಸನಗಳಲ್ಲಿಯೂ ಹರಿಷೇಣನ ಬೃಹತ್ಕಥಾಕೋಶದಲ್ಲಿಯೂ ಇದಕ್ಕಿಂತ ಬಹು ಹಿಂದಿನ ಆಧಾರಗಳಿವೆ. ಅದರ ಪ್ರಾಚೀನತೆಯನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ಮೋಜಣಿಯ ಅಧಿಕಾರಿಯೊಬ್ಬನ ಪ್ರಶ್ನೆಯು ಒಂದು ಗ್ರಂಥಕ್ಕೆ ಪ್ರೇರಕವಾಗಿ, ಆ ಗ್ರಂಥವು ಎಂಟು ದಶಕಗಳ ತರುವಾಯ ಪುರಾತನ ಇತಿಹಾಸದ ಆಕರವಾಗಿ ವಿದ್ವಾಂಸರ ಮುಂದೆ ಬಂದಿತೆಂಬುದನ್ನು ಮರೆಯಬಾರದು. ದೇವಚಂದ್ರನು ಪ್ರಾಮಾಣಿಕನಾಗಿ ತನ್ನ ಪ್ರೇರಣೆಯನ್ನು ಹೇಳಿದನು. ಹಾಗೆ ಹೇಳದೆ ಉಳಿದ ಕೈಫಿಯತ್ತುಗಳಿಗೆ ಪತ್ರಗಳೇ ಸಾಕ್ಷಿಯಾಗಬೇಕು.

೫

ಮೆಕೆಂಜಿಯ ಮರಣಾನಂತರ ಸಂಗ್ರಹವನ್ನು ಅವನ ಪತ್ನಿಯಿಂದ ಕಂಪನಿಯು ಒಂದು ಲಕ್ಷ ರೂಪಾಯಿಗೆ ಕೊಂಡಿತು. ೧೮೨೩ರಲ್ಲಿಯೂ ೧೮೨೫ರಲ್ಲಿಯೂ ಅದರ ಭಾಗಗಳು ಲಂಡನ್ನಿಗೆ ಹೋದುವು. ೧೮೨೮ರಲ್ಲಿ ದಕ್ಷಿಣದ ಭಾಷೆಗಳ ಬರೆಹಗಳು ಕಲ್ಕತ್ತೆಯಿಂದ ಮದರಾಸಿಗೆ ಮರಳಿದುವು. ಹೀಗೆ ಭಾಷೆಯ ಮೇಲೆ ಪಾಲು ಮಾಡಿದುದರ ಫಲವಾಗಿ, ಕನ್ನಡದ ಉತ್ತರಕ್ಕೂ ಅದಕ್ಕೆ ಸಂಬಂಧಿಸಿದ ಇಂಗ್ಲಿಷ್ ಪತ್ರಕ್ಕೂ ನಡುವೆ ಸಮುದ್ರವೇ ಬಂದಿತು.

ಮದರಾಸಿನಲ್ಲಿ ಹುಳುವೂ ಹವೆಯೂ ತಮ್ಮ ಕೆಲಸವನ್ನು ನಡೆಸಿದುವು. ವಿಲಿಯಂ ಟೇಲರನು ೧೮೩೦ರ ದಶಕದ ಕೊನೆಯ ಭಾಗದಲ್ಲಿ ಇವನ್ನು ಪರೀಕ್ಷಿಸಿ, ಜೀರ್ಣವಾದವುಗಳಲ್ಲಿ ಕೆಲವನ್ನು ಹೊಸ ಸಂಪುಟಗಳಿಗೆ ಪ್ರತಿಮಾಡಿಸಿದನು. ಲಂಡನ್ನಿಗೆ ಹೋಗಿದ್ದ ದೇಶಭಾಷಾ ಗ್ರಂಥಗಳಲ್ಲಿ ಹಲವು ಸಿ. ಪಿ. ಬ್ರೌನನ ಪ್ರಯತ್ನದಿಂದ ಮರಳಿ ಬಂದುವು. ಇವೇ ಮುಂದೆ ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ಮೂಲಧನವಾದುವು. ಬಹುಕಾಲ ಚೆಪಾಕದ ವಿಶ್ವವಿದ್ಯಾನಿಲಯದ ಆವರಣದಲ್ಲಿದ್ದ ಆ ಗ್ರಂಥಾಲಯವು ಈಗ ಕೋಟ್ಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದ ಕಟ್ಟಡದಲ್ಲಿದೆ. ನಾವು ಇಂದು ಓದುವ ಪಾಠವು ಎಷ್ಟೋ ಕಡೆ ಪ್ರತಿಯ ಪ್ರತಿಯೆಂಬುದನ್ನು ಈ ವೃತ್ತಾಂತದಿಂದ ತಿಳಿಯಬೇಕು.

ಇಲ್ಲಿ ಒಂದು ಖೇದದ ಸಂಗತಿಯನ್ನೂ ಹೇಳದೆ ಮುಂದೆ ಹೋಗಲಾಗದು. ಈ ಸಂಗ್ರಹದ ಒಳಹೊರಗನ್ನು ಬಲ್ಲವನು ಲಕ್ಷ್ಮಯ್ಯನೇ. ಕೆಲಸವನ್ನು ತಾನು ಮುಂದುವರಿಸುವೆನೆಂದು ಅವನು ಬೇಡಿಕೊಂಡನು. ೧೮೩೬ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಜೇಮ್ಸ್ ಪ್ರಿನ್ಸೆಪ್ಪನು, ಇಂತಹ ಕಾರ್ಯಕ್ಕೆ ಲಕ್ಷ್ಮಯ್ಯನಾಗಲಿ ಯಾವ ದೇಶೀಯನೇ ಆಗಲಿ ಸಮರ್ಥನಾಗಲಾರನೆಂಬ ಅಭಿಪ್ರಾಯವನ್ನು ಕೊಟ್ಟನು. ಬ್ರಾಹ್ಮೀ ಲಿಪಿಯನ್ನು ಓದಿ ಭಾರತಕ್ಕೆ ಅಶೋಕನನ್ನು ಮರಳಿ ತಂದುಕೊಟ್ಟ ಮಹಾವಿದ್ವಾಂಸನ ಬಾಯಿಯಿಂದ ಈ ಮಾತು ಬಂದಿತು. ಸಾವಿರಾರು ಶಾಸನಗಳನ್ನು ಕೂಡಿಸಿದ ಕೈ ಅಲ್ಲಿಗೆ ನಿಂತಿತು. ಸಂಗ್ರಾಹಕರ ಪತ್ರಗಳು ಒಂದೂವರೆ ಶತಮಾನ ಅಲಕ್ಷ್ಯಕ್ಕೆ ಗುರಿಯಾದುದಕ್ಕೆ ಈ ಮನೋಭಾವವೂ ಒಂದು ಕಾರಣವೆಂದು ನಮಗೆ ತೋರುತ್ತದೆ.

೬

ಪತ್ರಕ್ಕೂ ತರುವಾಯದ ವೃತ್ತಾಂತಕ್ಕೂ ಇರುವ ಅಂತರವನ್ನು ಎರಡು ಉದಾಹರಣೆಗಳಿಂದ ಕಾಣಬಹುದು.

ಮೆಕೆಂಜಿ ಸಂಗ್ರಹದಲ್ಲಿ ರಾಮರಾಜನ ಬಖೈರು ಎಂಬ ಕನ್ನಡ ಗದ್ಯವಿದೆ. ೧೫೬೫ರ ರಕ್ಕಸತಂಗಡಿಯ ಯುದ್ಧವನ್ನು ವರ್ಣಿಸುವ ಇದರ ಇಂಗ್ಲಿಷ್ ರೂಪವನ್ನು ಕೆ. ಎ. ನೀಲಕಂಠಶಾಸ್ತ್ರಿಗಳೂ ಎನ್. ವೆಂಕಟರಮಣಯ್ಯನವರೂ ೧೯೪೬ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಹೊರಬಂದ ತಮ್ಮ ಆಕರಸಂಪುಟಗಳಲ್ಲಿ ಸೇರಿಸಿದರು. ಮುಸಲ್ಮಾನ ಚರಿತ್ರಕಾರರ ಬರೆಹಗಳ ಎದುರಿಗೆ ನಮ್ಮ ಕಡೆಯ ಮಾತೊಂದು ದೊರೆತುದು ಲಾಭವೇ ಸರಿ. ಆದರೂ ಅದು ಯುದ್ಧಭೂಮಿಯಿಂದ ಬಂದ ಪತ್ರವಲ್ಲ. ಜನರ ನೆನಪು ಕಾಲಾಂತರದಲ್ಲಿ ಪಡೆದ ರೂಪ.

ಇದರ ಎದುರಿಗೆ ಶೃಂಗೇರಿಯ ಪತ್ರಗಳನ್ನು ಇಟ್ಟು ನೋಡಿರಿ. ೧೭೯೧ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಕೊಳ್ಳೆಹೊಡೆದಾಗ ಟೀಪೂ ಸುಲ್ತಾನನು ಅಲ್ಲಿಯ ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರಗಳನ್ನು ಬರೆದು ಧನಧಾನ್ಯಗಳ ನೆರವಿಗೆ ಅಪ್ಪಣೆ ಮಾಡಿದ್ದನು. ಇವು ಮಠದಲ್ಲಿಯೇ ಉಳಿದು, ೧೯೧೬ರಲ್ಲಿ ಮೈಸೂರಿನ ಪ್ರಾಚ್ಯಸಂಶೋಧನ ಶಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರ ಮೂಲಕ ಬೆಳಕಿಗೆ ಬಂದುವು. ಟೀಪುವನ್ನು ಕುರಿತು ಯಾರು ಯಾವ ಅಭಿಪ್ರಾಯವನ್ನಾದರೂ ತಾಳಲಿ, ಆ ಪತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಿರ್ಣಯ ಹೇಳುವಂತಿಲ್ಲ. ಬರೆದವನು, ಬರೆಯಿಸಿಕೊಂಡವರು, ದಿನ, ಸಂದರ್ಭ ಎಲ್ಲವೂ ಪತ್ರದಲ್ಲಿಯೇ ಇವೆ. ಕೈಫಿಯತ್ತಿಗೆ ಈ ನಾಲ್ಕನ್ನೂ ನಾವು ಹೊರಗಿನಿಂದ ಹುಡುಕಿ ಕೂಡಿಸಬೇಕು.

ಆದುದರಿಂದ ಕೈಫಿಯತ್ತನ್ನು ಓದುವವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು: ಇದನ್ನು ಯಾರು, ಯಾವ ಕಾಗದಗಳನ್ನು ನೋಡಿ ಬರೆಸಿದರು? ಕೇಳಿದ ಸಂಗ್ರಾಹಕನು ಯಾರು, ಅವನಿಗೆ ದೊರೆತಿದ್ದ ಸೂಚನೆ ಯಾವುದು? ಆ ವರ್ಷ ಆ ಊರಿನ ಇನಾಮು, ಉಂಬಳಿ, ಕಂದಾಯಗಳ ಸ್ಥಿತಿ ಏನಾಗಿತ್ತು? ನಮ್ಮ ಕೈಯಲ್ಲಿರುವುದು ಮೊದಲ ಪ್ರತಿಯೋ ಟೇಲರನ ಕಾಲದ ಪ್ರತಿಯೋ? ಮೊದಲನೆಯದಕ್ಕೂ ಕಡೆಯದಕ್ಕೂ ಉತ್ತರವನ್ನು ಚೆನ್ನೈಯಲ್ಲಿ ಹುಡುಕಬಹುದು. ನಡುವಿನ ಎರಡಕ್ಕೆ ಸಂಗ್ರಾಹಕರ ವರದಿಗಳನ್ನೂ ಕಂಪನಿಯ ಕಂದಾಯ ದಫ್ತರಗಳನ್ನೂ ನೋಡದೆ ಗತಿಯಿಲ್ಲ.

೭

ಕನ್ನಡದ ಕೈಫಿಯತ್ತುಗಳು ಚೆನ್ನೈಯಲ್ಲಿರುವುದನ್ನು ಕಂಡು ಕೆಲವರು ಮರುಗುತ್ತಾರೆ. ಬಳ್ಳಾರಿಯು ೧೯೫೩ರ ವರೆಗೂ, ದಕ್ಷಿಣ ಕನ್ನಡವು ೧೯೫೬ರ ವರೆಗೂ ಮದರಾಸಿಗೆ ಸೇರಿದ್ದುವೆಂಬುದನ್ನು ನೆನೆದರೆ ಇದರಲ್ಲಿ ಅಸಹಜವಾದುದೇನೂ ಇಲ್ಲ. ಅಲ್ಲದೆ ಆ ಗ್ರಂಥಾಲಯವು ಅವನ್ನು ಕಾಪಾಡಿದುದರಿಂದಲೇ ಡಾ. ಎಂ. ಎಂ. ಕಲಬುರ್ಗಿಯವರು ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಬೃಹತ್ ಸಂಪುಟವನ್ನು ಸಂಪಾದಿಸಲು ಸಾಧ್ಯವಾಯಿತು. ೧೯೯೪ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅದನ್ನು ಪ್ರಕಟಿಸಿತು. ಅಲ್ಲಿಯ ವರೆಗೆ ಕೆಲವೇ ವಿದ್ವಾಂಸರ ಸೊತ್ತಾಗಿದ್ದ ಈ ಬರೆಹಗಳು ಅಂದಿನಿಂದ ಪ್ರತಿಯೊಬ್ಬ ಕನ್ನಡ ಓದುಗನಿಗೂ ದೊರೆಯುವಂತಾದುವು. ಆ ಉಪಕಾರವು ಸಣ್ಣದಲ್ಲ.

ಉತ್ತರಗಳು ಹೀಗೆ ನಮ್ಮ ಕೈಗೆ ಬಂದಿವೆ. ಇನ್ನು ಪ್ರಶ್ನೆಗಳನ್ನು ಅವುಗಳ ಬಳಿಗೆ ತರಬೇಕಾಗಿದೆ. ಲಂಡನ್ನಿನಲ್ಲಿರುವ ಸಂಗ್ರಾಹಕರ ವರದಿಗಳಲ್ಲಿ ಕನ್ನಡ ಸೀಮೆಗೆ ಸಂಬಂಧಿಸಿದವುಗಳನ್ನು ಬೇರ್ಪಡಿಸುವುದು. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಮೋಜಣಿ ಇಲಾಖೆಯ ಪತ್ರವ್ಯವಹಾರದಿಂದ ಮೈಸೂರು ಮೋಜಣಿಯ ದಿನಚರಿಯನ್ನು ಗೊತ್ತುಮಾಡುವುದು. ಚೆನ್ನೈಯ ಎಳುಂಬೂರಿನ ಪತ್ರಾಗಾರದಲ್ಲಿರುವ ಕಂದಾಯದ ಕಾಗದಗಳೊಡನೆ ಹೋಲಿಸುವುದು. ಕಡೆಗೆ ಊರುಗಳ ಅಕಾರಾದಿಯಲ್ಲಿ, ಒಂದೊಂದು ಕೈಫಿಯತ್ತಿನ ಎದುರಿಗೆ ಅದಕ್ಕೆ ಸಂಬಂಧಿಸಿದ ಪತ್ರವನ್ನು ಕಾಣಿಸುವ ಸೂಚಿಯೊಂದನ್ನು ಸಿದ್ಧಪಡಿಸುವುದು. ಈ ಕೆಲಸವು ಒಬ್ಬನಿಂದ ಆಗುವಂತಹುದಲ್ಲ. ಆದರೆ ಚೆನ್ನೈಯಲ್ಲಿಯೂ ದೆಹಲಿಯಲ್ಲಿಯೂ ಕನ್ನಡ ಸಂಘಗಳಿವೆ. ಹಳೆಯ ಕೈಬರೆಹವನ್ನೂ ಇಂಗ್ಲಿಷನ್ನೂ ಓದಬಲ್ಲವರು ಅವುಗಳಲ್ಲಿದ್ದಾರೆ. ಕಚೇರಿಯಿಂದ ನಿವೃತ್ತರಾಗಿ ಹೊತ್ತನ್ನು ಸಾರ್ಥಕಪಡಿಸಿಕೊಳ್ಳಬಯಸುವವರೂ ಇದ್ದಾರೆ. ನಾಡಿನಲ್ಲಿರುವ ವಿದ್ವಾಂಸನು ಪ್ರಯಾಣದ ವೆಚ್ಚ, ರಜೆಯ ಅವಧಿಗಳನ್ನು ಲೆಕ್ಕಹಾಕಿ ಬರಬೇಕಾದ ಜಾಗಕ್ಕೆ ನಾವು ಸಂಜೆಯ ಬಸ್ಸಿನಲ್ಲಿ ಹೋಗಿಬರಬಹುದು.

ಇದರಿಂದ ಇನ್ನೊಂದು ಋಣವೂ ತೀರುತ್ತದೆ. ಮಳೆಯಲ್ಲಿ ಬಿಸಿಲಿನಲ್ಲಿ ಊರೂರು ತಿರುಗಿ, ಅನುಮಾನದ ಮಾತುಗಳನ್ನು ಕೇಳಿ, ಅಟ್ಟದ ಮೇಲಿನ ಓಲೆಗಳನ್ನು ಕೆಳಗಿಳಿಸಿದವರು ಬೋರಯ್ಯ, ಲಕ್ಷ್ಮಯ್ಯ, ಧರ್ಮಯ್ಯ, ನಾರಾಯಣರಾಯರಂತಹವರು. ಸಂಗ್ರಹಕ್ಕೆ ಮೆಕೆಂಜಿಯ ಹೆಸರು ನಿಂತಿತು, ಅದು ನ್ಯಾಯವೇ. ಕೈಫಿಯತ್ತಿನ ಪಕ್ಕದಲ್ಲಿ ಅವರ ಪತ್ರವನ್ನಿಟ್ಟು ಓದಿದ ದಿನ ಅವರ ಹೆಸರೂ ನಮ್ಮ ಊರುಗಳ ಇತಿಹಾಸದಲ್ಲಿ ಸೇರುತ್ತದೆ.